ಕಾಣಿಕೆ ಎಂದು ಬರೆದ ಸಂಬಳ

ಅವಳನ್ನು ಎಲ್ಲರೂ ರಟ್ಟಕ್ಕ ಎಂದೇ ಕರೆಯುತ್ತಿದ್ದರು. ಮುದ್ರಣಾಲಯದ ಹಿಂಬದಿಯ ಉದ್ದನೆಯ ಕೋಣೆಯಲ್ಲಿ ಇಪ್ಪತ್ತೆರಡು ವರ್ಷ ಪುಸ್ತಕಗಳಿಗೆ ರಟ್ಟು ಹಾಕಿದವಳಿಗೆ ಬೇರೆ ಹೆಸರು ಯಾಕೆ ಬೇಕು? ಅಚ್ಚಾಗಿ ಬಂದ ದೊಡ್ಡ ಹಾಳೆಗಳನ್ನು ಮಡಿಸಿ, ಪುಟದ ಕ್ರಮ ನೋಡಿ ಜೋಡಿಸಿ, ದಾರದಿಂದ ಹೊಲಿದು, ಬೆನ್ನಿಗೆ ಅಂಟು ಬಳಿದು, ಕಟಿಂಗ್ ಮಿಷನ್ನಿನ ಬಾಯಿಗೆ ಕೊಟ್ಟು ಮೂರು ಅಂಚುಗಳನ್ನೂ ಸಮ ಮಾಡಿ, ಕೊನೆಗೆ ಬಟ್ಟೆ ಹಚ್ಚಿದ ರಟ್ಟು ತೊಡಿಸುವವರೆಗಿನ ಕೆಲಸವೆಲ್ಲ ಅವಳದು. ಮಾತು ಕಡಿಮೆ. ಆಡಿದ ಮಾತನ್ನು ಹಿಂದಕ್ಕೆ ತೆಗೆದುಕೊಂಡದ್ದನ್ನು ಯಾರೂ ನೋಡಿಲ್ಲ.

"ಬೇರೆಯವರ ಹತ್ರ ಹೇಳಿದ ಗುಟ್ಟು ರಟ್ಟಾಗುತ್ತೆ. ರಟ್ಟಕ್ಕನ ಹತ್ರ ಹೇಳಿದ ಗುಟ್ಟು ಬೈಂಡಾಗುತ್ತೆ" ಎಂದು ಕರಡು ತಿದ್ದುವವನು ನಗಿಸುತ್ತಿದ್ದ. ಕಿವಿಯ ಮೇಲೆ ಕೆಂಪು ಪೆನ್ಸಿಲ್ ಸಿಕ್ಕಿಸಿಕೊಂಡೇ ಓಡಾಡುತ್ತಿದ್ದ ಆ ಬಡಕಲು ಮನುಷ್ಯನಿಗೆ ಅವಳಿಟ್ಟ ಹೆಸರು ಕರಡಪ್ಪ. ಅಲ್ಲಿಗೆ ಲೆಕ್ಕ ಸರಿಯಾಗಿತ್ತು.

ಮುದ್ರಣಾಲಯದ ಯಜಮಾನರು ಒಳ್ಳೆಯವರು. ಒಳ್ಳೆಯತನದಿಂದ ಕಾಗದದ ವ್ಯಾಪಾರಿಯ ಬಿಲ್ಲು ತೀರುವುದಿಲ್ಲ, ಅಷ್ಟೆ. ಪಠ್ಯಪುಸ್ತಕದ ಕೆಲಸ ಕೈತಪ್ಪಿತು, ಆಮಂತ್ರಣ ಪತ್ರಗಳು ಜನರ ಮೊಬೈಲಿಗೆ ಹೋದವು, ಉಳಿದದ್ದು ರಸೀದಿ ಪುಸ್ತಕ ಮತ್ತು ಶಾಲೆಯ ಹಾಜರಿ ಪುಸ್ತಕ. ಕೊನೆಯ ಎರಡು ವರ್ಷ ಯಜಮಾನರು ಅರ್ಧ ಸಂಬಳ ಕೊಟ್ಟು, "ಉಳಿದದ್ದು ನನ್ನ ತಲೆ ಮೇಲಿದೆ ಕಣಮ್ಮ" ಎನ್ನುತ್ತಿದ್ದರು. ಅರ್ಧರ್ಧ ಸೇರಿ ಹನ್ನೊಂದು ತಿಂಗಳ ಸಂಬಳ ಅವರ ತಲೆಯ ಮೇಲೆ ಕೂತಿತು. ಅದರ ನಡುವೆ ಒಂದು ದಿನ ಮಿಷನ್ನಿನ ಅಲಗು ರಟ್ಟಕ್ಕನ ಎಡಗೈಯ ಉಂಗುರದ ಬೆರಳಿನ ತುದಿಯನ್ನು ತೆಗೆದುಕೊಂಡು ಹೋಯಿತು. ಆರು ವಾರದ ನಂತರ ಬ್ಯಾಂಡೇಜು ಬಿಚ್ಚಿ, ಒಂಬತ್ತೂವರೆ ಬೆರಳಿನಲ್ಲಿ ಮಡಿಸುವುದನ್ನು ಮತ್ತೆ ಕಲಿತಳು.

ಬಾಗಿಲು ಮುಚ್ಚುವ ದಿನ ಯಜಮಾನರು ಒಬ್ಬೊಬ್ಬರನ್ನೇ ಒಳಗೆ ಕರೆದರು. ಮಾರಬಹುದಾದದ್ದನ್ನೆಲ್ಲ ಮಾರಿ ಅಚ್ಚಿನ ಯಂತ್ರ ನಡೆಸುವ ಕೆಲಸಗಾರರಿಗೆ ಒಂದಿಷ್ಟು ಹಂಚಿಯಾಗಿತ್ತು. ರಟ್ಟಕ್ಕನ ಸರದಿ ಬರುವಷ್ಟರಲ್ಲಿ ಮೇಜಿನ ಖಾನೆ ಖಾಲಿ.

"ನಿಂದು ಹನ್ನೊಂದು ತಿಂಗಳು ಬಾಕಿ ಇದೆ. ಗೊತ್ತು ನಂಗೆ. ದುಡ್ಡಿಲ್ಲ. ಆ ಕಟಿಂಗ್ ಮಿಷನ್ ತಗೊಂಡು ಹೋಗಮ್ಮ. ಅದರ ಕೆಲಸ ನಿನಗಿಂತ ಚೆನ್ನಾಗಿ ಯಾರಿಗೆ ಗೊತ್ತು?"

ಹೇಳಿದವರೇ ಮುದ್ರಣಾಲಯದ ಹೆಸರಿದ್ದ ಹಾಳೆ ಎಳೆದುಕೊಂಡು ನಾಲ್ಕು ಸಾಲು ಬರೆದು, ಸಹಿ ಮಾಡಿ, ಮಡಿಸಿ ಕೊಟ್ಟರು. ಅವರ ಮುಂದೆ ಬಿಚ್ಚಿ ಓದುವುದು ಅವಳಿಗೆ ಸರಿಯೆನಿಸಲಿಲ್ಲ. ಮನೆಗೆ ಬಂದು ಓದಿದಳು. "ಇವರ ದೀರ್ಘಕಾಲದ ಸೇವೆಯನ್ನು ಮೆಚ್ಚಿ, ಸದರಿ ಯಂತ್ರವನ್ನು ಪ್ರೀತಿಯ ಕಾಣಿಕೆಯಾಗಿ ಕೊಟ್ಟಿರುತ್ತೇನೆ" ಎಂದಿತ್ತು. ಬಾಕಿಯ ಮಾತು ಎಲ್ಲೂ ಇರಲಿಲ್ಲ. ಅವಳು ಎರಡು ಸಲ ಓದಿ, ಚೀಟಿಯನ್ನು ಡಬ್ಬಿಯಲ್ಲಿಟ್ಟು ಮುಚ್ಚಳ ಹಾಕಿದಳು. ಕಾಲಿಗೆ ಚುಚ್ಚಿದ ಸಣ್ಣ ಮುಳ್ಳಿನ ಹಾಗೆ, ನಡೆದಾಗಲೆಲ್ಲ ಅದು ನೆನಪಾಗುತ್ತಿತ್ತು.

ಎರಕದ ಕಬ್ಬಿಣದ ಮಿಷನ್ನು. ಮೇಲೆ ತಿರುಗಿಸುವ ದೊಡ್ಡ ಚಕ್ರ, ಕೆಳಗೆ ಮೊಳ ದಾಟಿದ ಅಲಗು. ಅದನ್ನು ಮನೆಗೆ ಸಾಗಿಸಲು, ಮುಂದಿನ ಕೋಣೆಯ ನೆಲ ಗಟ್ಟಿ ಮಾಡಿಸಲು ಅಣ್ಣ ದುಡ್ಡು ಕೊಟ್ಟ. ಆರು ಜನ ಆಳುಗಳು ಉಸ್ಸಪ್ಪಾ ಎನ್ನುತ್ತ ಅದನ್ನು ಹೊಸಿಲು ದಾಟಿಸುವಾಗ ಅತ್ತೆ ಮೂಲೆಯ ಕುರ್ಚಿಯಲ್ಲಿ ಕೂತು ನೋಡುತ್ತಿದ್ದರು.

"ಅಲ್ಲ ಕಣೆ, ನಿನ್ನ ಬೆರಳು ತಿಂದದ್ದನ್ನೇ ಮನೆಗೆ ಕರ್ಕೊಂಡು ಬಂದ್ಯಲ್ಲ?"

"ಬೆರಳು ಕೊಟ್ಟಾಗಿದೆ ಅತ್ತೆ. ಇನ್ನು ಅದು ನಮಗೆ ದುಡಿದು ಹಾಕಲಿ."

ಗಂಡ ಬೇಕರಿಯಲ್ಲಿ ಒಲೆಯ ಕೆಲಸದವನು. ಬೆಳಗಿನ ಜಾವ ಹೋಗಿ ಮಧ್ಯಾಹ್ನ ಬಂದು ಮಲಗುತ್ತಿದ್ದ. ಮಿಷನ್ನಿನ ಸದ್ದಿಗೆ ಮೊದಲ ವಾರ ಗೊಣಗಿದ, ಎರಡನೆಯ ವಾರ ಹೊಂದಿಕೊಂಡ. ಅವನ ಸ್ವಭಾವವೇ ಹಾಗೆ. ಜಗತ್ತಿನ ಎಲ್ಲ ತೊಂದರೆಗೂ ಅವನ ಹತ್ತಿರ ಒಂದೇ ಔಷಧಿಯಿತ್ತು: "ಸುಮ್ನಿರು." ನಲ್ಲಿ ಸೋರಿದರೂ ಸುಮ್ನಿರು, ಪಕ್ಕದ ಮನೆಯವರು ಗೋಡೆ ಒತ್ತರಿಸಿದರೂ ಸುಮ್ನಿರು.

ಕೆಲಸ ನಿಧಾನಕ್ಕೆ ಬಂತು. ಶಾಲೆಯವರು ಹಾಜರಿ ಪುಸ್ತಕ ತಂದರು, ಕಾಲೇಜಿನ ಹುಡುಗಿಯರು ಪ್ರಬಂಧ ತಂದರು, ಗ್ರಂಥಾಲಯದವರು ಬೆನ್ನು ಮುರಿದ ಪುಸ್ತಕಗಳನ್ನು ಗೋಣಿಚೀಲದಲ್ಲಿ ತುಂಬಿ ತಂದರು. ವರ್ಷ ಮುಗಿಯುವ ಹೊತ್ತಿಗೆ ಇನ್ನೊಂದು ಬಂತು. ಅಂಚೆಯಲ್ಲಿ, ಎಂಟು ಪುಟದ ತೆರಿಗೆ ಫಾರಂ.

ಹಿಂದೆಲ್ಲ ಮುದ್ರಣಾಲಯದ ಲೆಕ್ಕಿಗ ಸಂಬಳದಲ್ಲೇ ತೆರಿಗೆ ಮುರಿದುಕೊಂಡು, ಫಾರಂ ತುಂಬಿಸಿ, "ಇಲ್ಲಿ ಸಹಿ ಹಾಕಕ್ಕ" ಎಂದು ಬೆರಳು ತೋರಿಸುತ್ತಿದ್ದ. ಅವಳು ಹಾಕುತ್ತಿದ್ದಳು. ತೆರಿಗೆ ಕಚೇರಿಯ ದಪ್ಪ ದಪ್ಪ ಪುಸ್ತಕಗಳಿಗೆ ಎಷ್ಟೋ ಸಲ ರಟ್ಟು ಹಾಕಿದ್ದರೂ ಒಳಗೆ ಏನಿದೆ ಎಂದು ಒಂದು ದಿನವೂ ಓದಿರಲಿಲ್ಲ. ಈಗ ಫಾರಂನ ಮೊದಲ ಪುಟದಲ್ಲೇ ಪ್ರಶ್ನೆ: "ಈ ವರ್ಷದಲ್ಲಿ ನಿಮಗೆ ಬಂದ ಎಲ್ಲ ಆದಾಯವನ್ನು ತಿಳಿಸಿ."

ಎಲ್ಲ ಆದಾಯ ಎಂದರೆ ಯಾವುದು? ಬಂದದ್ದೆಲ್ಲ ಆದಾಯವೇ?

ಭಾನುವಾರ ಮನೆಯಲ್ಲಿ ಸಭೆ ಸೇರಿತು. ಕರಡಪ್ಪ ಚಹಾಕ್ಕೆ ಬಂದವನು ಕೆಂಪು ಪೆನ್ಸಿಲ್ ತೆಗೆದು ಫಾರಂ ಓದತೊಡಗಿದ. ಅರ್ಧ ಗಂಟೆಯಲ್ಲಿ ಹದಿನಾಲ್ಕು ಕಾಗುಣಿತದ ತಪ್ಪು ಹುಡುಕಿದ.

"ಕರಡಪ್ಪನವರೇ, ತಪ್ಪು ತಿದ್ದೋಕೆ ಕೊಟ್ಟಿದ್ದಲ್ಲ. ಅರ್ಥ ಹೇಳಿ."

"ಪದದ ಅರ್ಥ ಹೇಳಬಲ್ಲೆ ಅಕ್ಕ. ದುಡ್ಡಿನ ಅರ್ಥ ನಂಗೆ ಯಾವತ್ತು ಆಗಿದೆ?"

ಗಂಡ ಮಲಗಿದ್ದಲ್ಲಿಂದಲೇ ತೀರ್ಪು ಕೊಟ್ಟ. "ಮಿಷನ್ನು ಕಾಣಿಕೆ. ಚೀಟೀಲಿ ಬರೆದಿದೆಯಲ್ಲ. ಕಾಣಿಕೆಗೆ ತೆರಿಗೆ ಇಲ್ಲ. ಬೆರಳಿಂದು ವಿಮೆ ದುಡ್ಡು, ಯಾರಿಗೂ ಗೊತ್ತಿಲ್ಲ. ಬೈಂಡಿಂಗ್ ದುಡ್ಡು ಕೈಗೆ ಕೈ ಬಂದದ್ದು. ಸುಮ್ನಿರು."

"ಗೊತ್ತಿಲ್ಲ ಅನ್ನೋದು ಬೇರೆ, ತೆರಿಗೆ ಇಲ್ಲ ಅನ್ನೋದು ಬೇರೆ ಅಲ್ವೇನ್ರೀ?"

"ನಾನು ಇಷ್ಟು ವರ್ಷ ನಿನ್ನನ್ನ ಬೈದಿದ್ದಕ್ಕೂ ಏನಾದ್ರೂ ತೆರಿಗೆ ಇದೆಯೇನೇ?" ಎಂದರು ಅತ್ತೆ. "ಇದ್ರೆ ಈಗ್ಲೇ ಹೇಳಿಬಿಡು, ನಿಲ್ಲಿಸ್ತೀನಿ."

ಎಲ್ಲರೂ ನಕ್ಕರು. ನಗು ನಿಂತ ಮೇಲೆ ರಟ್ಟಕ್ಕ ಎದ್ದು, ಮಿಷನ್ನಿನ ಕೆಳಗೆ ಬಿದ್ದಿದ್ದ ರಟ್ಟಿನ ಪಟ್ಟಿಗಳಲ್ಲಿ ಒಂದಷ್ಟು ಆರಿಸಿಕೊಂಡಳು. ಬೆರಳಗಲದ ಪಟ್ಟಿಗಳು. ಒಂದೊಂದರ ಮೇಲೂ ಆ ವರ್ಷ ಮನೆಗೆ ಬಂದ ಒಂದೊಂದು ದುಡ್ಡಿನ ಹೆಸರು ಬರೆದಳು. ಗಂಡನ ಸಂಬಳ ಅವನ ತಲೆನೋವು, ಅದನ್ನು ಬಿಟ್ಟಳು. ಒಟ್ಟು ಒಂಬತ್ತಾದವು. ರಬ್ಬರ್ ಬ್ಯಾಂಡು ಹಾಕಿ ಚೀಲದಲ್ಲಿಟ್ಟಳು.

"ನಾಳೆ ಕಚೇರಿಗೆ ಹೋಗಿ ಕೇಳ್ಕೊಂಡು ಬರ್ತೀನಿ."

"ಹುಲಿ ಗುಹೆಗೆ ಹೋಗಿ ನನ್ನ ಮಾಂಸ ಎಷ್ಟು ತೂಗುತ್ತೆ ಅಂತ ಕೇಳೋರು ನೀನೊಬ್ಬಳೇ" ಎಂದು ಗಂಡ ಮಗ್ಗುಲು ಬದಲಿಸಿದ.

ತೆರಿಗೆ ಕಚೇರಿಯ ಕೆಳಮಹಡಿಯಲ್ಲಿ ವಿಚಾರಣೆಗೆಂದೇ ಒಂದು ಕಿಟಕಿಯಿತ್ತು. ಅಲ್ಲಿ ಕೂತಿದ್ದ ಹೆಂಗಸಿಗೆ ನೆಗಡಿ. ಕೊರಳಿಗೆ ಉಣ್ಣೆಯ ಪಟ್ಟಿ ಸುತ್ತಿಕೊಂಡು, ಕರವಸ್ತ್ರ ಹಿಡಿದುಕೊಂಡೇ ಉತ್ತರ ಹೇಳುತ್ತಿದ್ದಳು. ರಟ್ಟಕ್ಕ ಸರದಿ ಬಂದಾಗ ಮಾತಾಡದೆ ಒಂಬತ್ತು ಪಟ್ಟಿಗಳನ್ನೂ ಕಿಟಕಿಯ ಕಟ್ಟೆಯ ಮೇಲೆ ಸಾಲಾಗಿ ಜೋಡಿಸಿದಳು.

"ಇದೇನಮ್ಮ, ಇಸ್ಪೀಟಾ?"

"ಈ ವರ್ಷ ಬಂದದ್ದು ಮೇಡಂ. ಯಾವುದಕ್ಕೆ ತೆರಿಗೆ, ಯಾವುದಕ್ಕೆ ಇಲ್ಲ ಅಂತ ಬೇರೆ ಮಾಡಿ ಕೊಡಿ. ಯಾಕೆ ಅಂತಾನೂ ಹೇಳಿ."

ಆ ಹೆಂಗಸು ಇಂಥವರನ್ನು ನೋಡಿರಲಿಲ್ಲವೆಂದು ಕಾಣುತ್ತದೆ. ಕರವಸ್ತ್ರ ಮಡಿಸಿಟ್ಟು ಮುಂದಕ್ಕೆ ಬಾಗಿದಳು.

ಮುದ್ರಣಾಲಯ ಮುಚ್ಚುವ ಮೊದಲು ಕೈಗೆ ಬಂದಿದ್ದ ಸಂಬಳದ ಪಟ್ಟಿ ಎಡಕ್ಕೆ ಹೋಯಿತು. ಎಡ ಎಂದರೆ ತೆರಿಗೆ. ಬೈಂಡಿಂಗ್ ಕೆಲಸದ ದುಡ್ಡೂ ಎಡಕ್ಕೆ. "ಆದ್ರೆ ಅಂಟು, ದಾರ, ಬಟ್ಟೆ, ಕರೆಂಟು, ಇದಕ್ಕೆಲ್ಲ ಖರ್ಚಾಗಿದ್ದು ಕಳೆದು ಉಳಿದದ್ದು ಮಾತ್ರ. ರಸೀದಿ ಇಟ್ಟಿದೀರಾ?" ಇಟ್ಟಿದ್ದಳು. ಮೇಲಿನ ಚಿಕ್ಕ ಕೋಣೆಗೆ ಬರುವ ಬಾಡಿಗೆ ಎಡಕ್ಕೆ, ಬ್ಯಾಂಕಿನ ಬಡ್ಡಿ ಎಡಕ್ಕೆ. ಕತ್ತರಿಸಿ ಉಳಿದ ಕಾಗದದ ಚೂರು ಮಾರಿದ ಪುಡಿಗಾಸು ಕೂಡ ಎಡಕ್ಕೆ.

"ಚೂರಿಗೂನಾ?"

"ಚೂರೂ ಕೆಲಸದ್ದೇ ಅಲ್ವಾ?"

ಅಣ್ಣ ಕೊಟ್ಟ ದುಡ್ಡಿನ ಪಟ್ಟಿಯನ್ನು ಕಿಟಕಿಯ ಹೆಂಗಸು ಬಲಕ್ಕೆ ಸರಿಸಿದಳು. "ಒಡಹುಟ್ಟಿದವರು ಪ್ರೀತಿಗೆ ಕೊಟ್ಟದ್ದು. ನೀವು ಅದಕ್ಕೆ ಬದಲು ಏನೂ ಮಾಡಿಲ್ಲ. ಇಲ್ಲಿ ಅದು ಆದಾಯ ಅಲ್ಲ."

ಬೆರಳಿನ ವಿಮೆಯ ಪಟ್ಟಿ ಎತ್ತಿಕೊಂಡು ಅವಳು ಕಿಟಕಿಯ ಈಚೆ ನೋಡಿದಳು. ರಟ್ಟಕ್ಕ ಎಡಗೈ ತೋರಿಸಿದಳು.

"ಇದು ಗಳಿಸಿದ್ದಲ್ಲಮ್ಮ, ಕಳಕೊಂಡದ್ದಕ್ಕೆ ಪರಿಹಾರ. ಬಲಕ್ಕೆ." ಆಮೇಲೆ ವಿಮೆ ಕಂಪನಿಯ ಪತ್ರ ತಿರುಗಿಸಿ ಓದಿ, "ತಡೀರಿ, ಇದರಲ್ಲಿ ಎರಡು ಭಾಗ ಇದೆ. ಬೆರಳಿಗೆ ಅಂತ ಕೊಟ್ಟದ್ದು ಬಲಕ್ಕೆ. ಆರು ವಾರ ಕೆಲಸಕ್ಕೆ ಹೋಗದೆ ಇದ್ದದ್ದಕ್ಕೆ ಸಂಬಳದ ಬದಲು ಅಂತ ಕೊಟ್ಟಿದಾರಲ್ಲ, ಅದು ಎಡಕ್ಕೆ" ಎಂದಳು.

ರಟ್ಟಕ್ಕ ಆ ಪಟ್ಟಿಯನ್ನು ಕೈಯಲ್ಲೇ ಮಧ್ಯಕ್ಕೆ ಮುರಿದು, ಒಂದು ಚೂರು ಎಡಕ್ಕೆ, ಒಂದು ಚೂರು ಬಲಕ್ಕೆ ಇಟ್ಟಳು. ಹಿಂದೆ ಸಾಲಿನಲ್ಲಿ ನಿಂತವರು ಗೊಣಗುವುದನ್ನು ಬಿಟ್ಟು ಇಣುಕಿ ನೋಡತೊಡಗಿದ್ದರು. ತೀರಿಹೋದ ಚಿಕ್ಕಮ್ಮ ಉಯಿಲಿನಲ್ಲಿ ಬಿಟ್ಟುಹೋದ ಎರಡು ಬಳೆಯ ಪಟ್ಟಿ ಬಲಕ್ಕೆ ಹೋಯಿತು. ಅಲ್ಲಿಗೆ ಒಂದೇ ಒಂದು ಪಟ್ಟಿ ಉಳಿಯಿತು.

"ಮಿಷನ್ನು. ಯಾರು ಕೊಟ್ಟದ್ದು?"

"ಕೆಲಸದ ಯಜಮಾನ್ರು."

"ಸಂಬಂಧಿಕರಾ?"

"ಅಲ್ಲ." ಚೀಟಿಯನ್ನು ಕಿಟಕಿಯೊಳಗೆ ಸರಿಸಿದಳು. "ಅದರಲ್ಲಿ ಕಾಣಿಕೆ ಅಂತ ಬರೆದಿದೆ. ಆದ್ರೆ ಅದು ನನ್ನ ಹನ್ನೊಂದು ತಿಂಗಳ ಸಂಬಳ."

ಕಿಟಕಿಯ ಹೆಂಗಸು ಚೀಟಿ ಓದಿದಳು. "ಹೆಸರು ಏನು ಬರೆದಿದಾರೆ ಅನ್ನೋದು ಮುಖ್ಯ ಅಲ್ಲಮ್ಮ. ಯಾತಕ್ಕೆ ಬಂತು ಅನ್ನೋದು ಮುಖ್ಯ. ಕೆಲಸಕ್ಕೆ ಬದಲಾಗಿ ಬಂದದ್ದು ನೋಟಾಗಲಿ, ಮಿಷನ್ನಾಗಲಿ, ಒಂದು ಮೂಟೆ ಸಕ್ಕರೆಯಾಗಲಿ, ಆದಾಯಾನೇ. ಎಡಕ್ಕೆ." ಚೀಟಿ ವಾಪಸು ಕೊಡುತ್ತ ಹೇಳಿದಳು: "ಇಂಥ ಚೀಟಿ ಕೈಲಿದ್ರೆ ಕಾಣಿಕೆ ಅಂತ ಬರೆದು ಕೂರೋರೇ ಜಾಸ್ತಿ. ಸಿಕ್ಕಿಬಿದ್ರೆ ದಂಡ ಕಟ್ತಾರೆ. ನೀವು ಕೇಳೋಕೆ ಬಂದಿದೀರಿ, ಹಾಗಾಗಿ ಸರಿಯಾದ್ದನ್ನ ಹೇಳಿದೆ. ಮಿಷನ್ ಮಾರೋರ ಹತ್ರ ಬೆಲೆ ಬರೆಸಿ ತನ್ನಿ. ಸಂಬಳದ ಬಾಬ್ತು ಕೊಟ್ಟದ್ದು ಅಂತ ನಿಮ್ಮ ಯಜಮಾನರ ಕಡೆಯಿಂದ ಒಂದು ಪತ್ರಾನೂ ತನ್ನಿ."

ಮನೆಗೆ ಬಂದು ಹೇಳಿದಾಗ ಗಂಡ ಎದ್ದೇ ಕೂತ. ಮಧ್ಯಾಹ್ನದ ನಿದ್ದೆಯಿಂದ ಅವನು ತಾನಾಗಿ ಎದ್ದು ಕೂತದ್ದು ಮದುವೆಯಾದ ಮೇಲೆ ಅದೇ ಮೊದಲು.

"ಅವರು ಕಾಣಿಕೆ ಅಂತ ಬರೆದುಕೊಟ್ಟಿದಾರೆ. ನೀನು ಹೋಗಿ ಇಲ್ಲ ಇಲ್ಲ, ಸಂಬಳ ಅಂತ ಬರೀರಿ, ನಾನು ತೆರಿಗೆ ಕಟ್ತೀನಿ ಅಂತೀಯಾ? ತಲೆ ಕೆಟ್ಟಿದೆಯಾ?"

"ಇಪ್ಪತ್ತೆರಡು ವರ್ಷ ಒಂದು ದಿನ ತಡವಾಗಿ ಹೋಗಿಲ್ಲ ರೀ ನಾನು. ಎರಡು ವರ್ಷ ಅರ್ಧ ಸಂಬಳಕ್ಕೆ ಪೂರ್ತಿ ಕೆಲಸ ಮಾಡಿದೀನಿ. ಅದನ್ನ ಯಾರೋ ಪ್ರೀತಿಗೆ ಕೊಟ್ರು ಅಂದ್ರೆ ಆ ಎರಡು ವರ್ಷ ನಾನು ಏನು ಮಾಡ್ತಿದ್ದೆ?"

ಮೂಲೆಯ ಕುರ್ಚಿಯಿಂದ ಅತ್ತೆ ಹೇಳಿದರು: "ಹೋಗಿ ಬಾ. ನಾನೂ ನಾಲ್ಕು ಮನೆ ಪಾತ್ರೆ ತೊಳೆದವಳು. ಹಳೇ ಸೀರೆ ಕೊಟ್ಟು ಸಂಬಳ ಮುರಿದುಕೊಂಡವರನ್ನ ನೋಡಿದೀನಿ."

ಮಿಷನ್ ವ್ಯಾಪಾರಿ ಬಂದು, ಚಕ್ರ ತಿರುಗಿಸಿ, ಅಲಗಿನ ಮೇಲೆ ಉಗುರು ಎಳೆದು ನೋಡಿ, ಬೆಲೆ ಬರೆದುಕೊಟ್ಟ. ಅವಳು ಲೆಕ್ಕ ಹಾಕಿದಳು. ಒಂಬತ್ತು ತಿಂಗಳ ಸಂಬಳದಷ್ಟಾಯಿತು. ಹನ್ನೊಂದಲ್ಲ.

ಆ ಚೀಟಿ, ಈ ಬೆಲೆಪಟ್ಟಿ ಎರಡನ್ನೂ ಹಿಡಿದುಕೊಂಡು ಒಂದು ಸಂಜೆ ಯಜಮಾನರ ಮನೆಗೆ ಹೋದಳು. ಅವರು ಇಳಿದುಹೋಗಿದ್ದರು. ಅಂಗಿಯ ಕಾಲರಿಗೂ ಕೊರಳಿಗೂ ನಡುವೆ ಎರಡು ಬೆರಳು ತೂರುವಷ್ಟು ಜಾಗವಿತ್ತು. ಕುಶಲ ಕೇಳಿ, ಚಹಾ ತರಿಸಿದರು. ಮಿಷನ್ನು ಹೇಗೆ ಓಡುತ್ತಿದೆ ಎಂದು ಮಗಳ ಯೋಗಕ್ಷೇಮ ಕೇಳುವ ಹಾಗೆ ಕೇಳಿದರು. ಅವಳು ಬಂದ ವಿಷಯ ಹೇಳಿದಾಗ ಅವರ ಕೈ ಲೋಟದ ಮೇಲೆಯೇ ನಿಂತಿತು.

"ನಾನು ಪ್ರೀತಿಯಿಂದ ಕೊಟ್ಟೆ ಅಂತ ಬರೆದದ್ದು ತಪ್ಪಾಯ್ತಾ?"

"ಪ್ರೀತಿ ಬೇರೆ ಯಜಮಾನ್ರೇ, ಸಂಬಳ ಬೇರೆ. ಪ್ರೀತಿ ಇಲ್ಲ ಅಂತ ನಾನು ಹೇಳ್ತಿಲ್ಲ."

ಅವರು ಕಿಟಕಿಯ ಕಡೆ ಮುಖ ತಿರುಗಿಸಿದರು. ಗಡಿಯಾರ ಐದು ಹೊಡೆಯಿತು. ಆಮೇಲೆ ತಗ್ಗಿದ ದನಿಯಲ್ಲಿ ಹೇಳಿದರು: "ಕಾಣಿಕೆ ಅಂತ ಬರೆದ್ರೆ ನಾನು ಕೊಟ್ಟವನಾಗ್ತೀನಿ ಕಣಮ್ಮ. ಸಂಬಳ ಅಂತ ಬರೆದ್ರೆ ಬಾಕಿ ಇಟ್ಟವನಾಗ್ತೀನಿ."

ಅವಳಿಗೆ ಆವರೆಗೆ ಅರ್ಥವಾಗದಿದ್ದದ್ದು ಆಗ ಅರ್ಥವಾಯಿತು. ಅವಳನ್ನು ವಂಚಿಸಲು ಬರೆದ ಪದವಲ್ಲ ಅದು. ನಾಚಿಕೆ ಮುಚ್ಚಿಕೊಳ್ಳಲು ಹೊದ್ದ ಬಟ್ಟೆ. ಮುಳ್ಳು ಚುಚ್ಚಿದ ಜಾಗದಲ್ಲಿ ನೋವು ಹೋಗಿ ಮರುಕ ಬಂತು. ಆದರೂ ಅವಳು ಎದ್ದು ಬರಲಿಲ್ಲ.

"ಇಲ್ಲ ಯಜಮಾನ್ರೇ. ಬಾಕಿ ತೀರಿಸಿದವರಾಗ್ತೀರಿ."

ಅವರು ತಿರುಗಿ ನೋಡಿದರು.

"ಎಷ್ಟೋ ಜನ ಬಾಗಿಲು ಮುಚ್ಚಿ, ಹೇಳದೆ ಕೇಳದೆ ಊರು ಬಿಟ್ಟು ಹೋಗ್ತಾರೆ. ನೀವು ಉಳಿದ ಒಂದೇ ಮಿಷನ್ನನ್ನ ಬೈಂಡಿಂಗ್‌ನವಳಿಗೆ ಕೊಟ್ರಿ. ಅದನ್ನ ಬರೀರಿ. ನಡೆದದ್ದು ಅದೇ ತಾನೆ?"

ಯಜಮಾನರು ಬೆಲೆಪಟ್ಟಿ ತೆಗೆದುಕೊಂಡು ಕನ್ನಡಕ ಹಾಕಿದರು. ವ್ಯಾಪಾರದವರ ಕಣ್ಣು. ತಕ್ಷಣ ಹಿಡಿದರು. "ಇದು ಒಂಬತ್ತು ತಿಂಗಳಿಗೆ ಬರುತ್ತೆ. ಇನ್ನೂ ಎರಡು ತಿಂಗಳು ನಿಂಗೆ ಕೊಡಬೇಕಲ್ಲಮ್ಮ."

"ಆ ಎರಡು ತಿಂಗಳು ನನ್ನ ಕಡೆಯಿಂದ. ಕಾಣಿಕೆ ಅಂತ ಎಲ್ಲಾದ್ರೂ ಬರೀಲೇಬೇಕಿದ್ರೆ ಅಲ್ಲಿ ಬರೀರಿ."

ಯಜಮಾನರು ಮೊದಲು ನಕ್ಕರು. ಆಮೇಲೆ ಕನ್ನಡಕ ತೆಗೆದು ಒರೆಸಿಕೊಂಡರು, ಮತ್ತೆ ಹಾಕಿಕೊಂಡು ಮತ್ತೆ ತೆಗೆದರು. ಪತ್ರ ಬರೆಯಲು ಅವರಿಗೆ ಮುಕ್ಕಾಲು ಗಂಟೆ ಹಿಡಿಯಿತು. ಯಾವ ವರ್ಷದ ಯಾವ ತಿಂಗಳು ಎಷ್ಟು ಬಾಕಿ, ಅದರಲ್ಲಿ ಯಂತ್ರದ ರೂಪದಲ್ಲಿ ಸಂದದ್ದೆಷ್ಟು, ಕೆಲಸಗಾರಳು ತಾನಾಗಿ ಬಿಟ್ಟುಕೊಟ್ಟದ್ದೆಷ್ಟು, ಎಲ್ಲವನ್ನೂ ಒಂದೂ ಚಿತ್ತಿಲ್ಲದೆ ಬರೆದರು. ಬಾಗಿಲವರೆಗೆ ಬಂದು ಕಳಿಸಿಕೊಟ್ಟರು. ಅಷ್ಟು ವರ್ಷದಲ್ಲಿ ಅವರು ಅವಳನ್ನು ಬಾಗಿಲವರೆಗೆ ಕಳಿಸಿಕೊಟ್ಟದ್ದು ಅದೇ ಮೊದಲು.

ತೆರಿಗೆ ಅವಳು ಹೆದರಿದಷ್ಟು ಬರಲಿಲ್ಲ, ಗಂಡ ಆಸೆಪಟ್ಟಷ್ಟು ಕಡಿಮೆಯೂ ಬರಲಿಲ್ಲ. ಎರಡು ವರ್ಷದ ಬಾಕಿ ಒಂದೇ ವರ್ಷ ಕೈಸೇರಿದ್ದರಿಂದ ಅದನ್ನು ಆಯಾ ವರ್ಷಕ್ಕೆ ಹಂಚಿ ಲೆಕ್ಕ ಹಾಕಲು ಇನ್ನೊಂದು ಫಾರಂ ಇದೆಯೆಂದು ಕಿಟಕಿಯ ಹೆಂಗಸು ತೋರಿಸಿಕೊಟ್ಟಳು. ಹಾಗೆ ಹಂಚಿದ ಮೇಲೆ ಕಟ್ಟಬೇಕಾದದ್ದು ಮುಕ್ಕಾಲು ತಿಂಗಳ ಸಂಬಳದಷ್ಟಾಯಿತು. ನಾಲ್ಕು ಕಂತು. ಆ ವರ್ಷ ಅವಳು ಹೊಸ ಚಪ್ಪಲಿ ಕೊಳ್ಳಲಿಲ್ಲ. ಮೇಲಿನ ಕೋಣೆಗೆ ಸುಣ್ಣ ಬಳಿಸುವುದೂ ಮುಂದಕ್ಕೆ ಹೋಯಿತು. ಪ್ರತಿ ಕಂತು ಕಟ್ಟಿ ಬಂದ ದಿನ ಗಂಡ ಬೇಕರಿಯಿಂದ ತಂದ ಬ್ರೆಡ್ಡನ್ನು ತೆಳ್ಳಗೆ ಕತ್ತರಿಸಿ, "ಇನ್ಮೇಲೆ ಇಷ್ಟೇ" ಎಂದು ತಟ್ಟೆಗೆ ಹಾಕುತ್ತಿದ್ದ. ಅವಳು ತಿಂದು ಕೆಲಸಕ್ಕೆ ಕೂರುತ್ತಿದ್ದಳು.

ಎರಡು ವರ್ಷದ ಮೇಲೆ ಯಜಮಾನರು ತೀರಿಕೊಂಡರು. ಅದಾಗಿ ಮೂರು ತಿಂಗಳಿಗೆ ಅವರ ಮಗ ಒಬ್ಬ ವಕೀಲರನ್ನು ಕರೆದುಕೊಂಡು ಮನೆಗೆ ಬಂದ. ರಟ್ಟಕ್ಕ ಅವನನ್ನು ಚಡ್ಡಿ ಹಾಕುವ ಕಾಲದಿಂದ ನೋಡಿದವಳು. ಅವನು ಕಣ್ಣು ಕೊಟ್ಟು ಮಾತಾಡಲಿಲ್ಲ.

"ಅಕ್ಕ, ತಪ್ಪು ತಿಳ್ಕೋಬೇಡಿ. ಅಪ್ಪ ಕಾಗದದ ವ್ಯಾಪಾರಿಗೆ ತುಂಬ ಉಳಿಸಿಕೊಂಡಿದ್ರು. ಅವರು ಕೋರ್ಟಿಗೆ ಹೋಗಿದಾರೆ. ಇವರು ಅವರ ವಕೀಲರು. ಅಪ್ಪನ ಲೆಕ್ಕದ ಪುಸ್ತಕದಲ್ಲಿ ಈ ಮಿಷನ್ ಕಾಣಿಕೆ ಕೊಟ್ಟದ್ದು ಅಂತಿದೆ."

ವಕೀಲರು ವಿವರಿಸಿದರು. ಸಾಲದಲ್ಲಿದ್ದ ಮನುಷ್ಯ ಯಾರಿಗಾದರೂ ಉಚಿತವಾಗಿ ಕೊಟ್ಟದ್ದನ್ನು ಸಾಲ ಕೊಟ್ಟವರು ವಾಪಸು ಕೇಳಬಹುದಂತೆ. ಬೇರೆಯವರ ದುಡ್ಡಿನಲ್ಲಿ ಯಾರೂ ಧಾರಾಳಿಯಾಗುವಂತಿಲ್ಲ. ಮಿಷನ್ನನ್ನು ಹರಾಜಿಗೆ ಒಪ್ಪಿಸಬೇಕಾಗುತ್ತದೆ. ಅವರು ಒರಟಾಗಿ ಮಾತಾಡಲಿಲ್ಲ. ಕೈಯಲ್ಲಿ ಉದ್ದನೆಯ ಪಟ್ಟಿಯಿತ್ತು, ಅದರಲ್ಲಿ ಇದೂ ಒಂದು.

ಗಂಡ ನಿದ್ದೆಯಿಂದ ಎದ್ದು ಬಂದು ಬಾಗಿಲ ಚೌಕಟ್ಟಿಗೆ ಒರಗಿ ನಿಂತಿದ್ದ. ಅವನ ಮುಖ ಹಿಟ್ಟಿನಷ್ಟು ಬೆಳ್ಳಗಾಗಿತ್ತು. ರಟ್ಟಕ್ಕ ಕೈಗೆ ಅಂಟಿದ್ದ ಅಂಟನ್ನು ಒರೆಸಿಕೊಂಡು ಒಳಗೆ ಹೋಗಿ, ತಾನೇ ರಟ್ಟು ಹಾಕಿ ಇಟ್ಟುಕೊಂಡಿದ್ದ ಒಂದು ತೆಳ್ಳನೆಯ ಪುಸ್ತಕ ತಂದಳು. ಆ ವರ್ಷದ ತೆರಿಗೆ ಫಾರಂ, ಯಜಮಾನರ ಪತ್ರ, ಬೆಲೆಪಟ್ಟಿ, ನಾಲ್ಕು ಕಂತಿನ ರಸೀದಿ, ಎಲ್ಲ ಅದರಲ್ಲಿ ಹೊಲಿದಿತ್ತು.

"ಇದು ಕಾಣಿಕೆ ಅಲ್ಲ ಸ್ವಾಮಿ. ಓದಿ."

ವಕೀಲರು ನಿಂತೇ ಓದಲು ಶುರುಮಾಡಿದರು. ಮೂರನೆಯ ಹಾಳೆಗೆ ಬರುವಷ್ಟರಲ್ಲಿ ಕುರ್ಚಿ ಕೇಳಿ ಕೂತರು. ಕಚೇರಿಯ ಮುದ್ರೆ, ತಾರೀಖು ನೋಡಿದರು. ಮೊದಲಿನಿಂದ ಮತ್ತೊಮ್ಮೆ ಓದಿದರು.

"ಅಂದ್ರೆ ಇದು ದುಡಿಮೆಗೆ ಸಂದದ್ದು. ತೆರಿಗೆಯನ್ನೂ ಕಟ್ಟಿದೀರಿ, ಆಗಲೇ, ಯಾರೂ ಕೇಳೋ ಮೊದಲೇ" ಎಂದರು ನಿಧಾನವಾಗಿ. "ಜಗಳ ಶುರುವಾದ ಮೇಲೆ ಈ ಮಾತು ಹೇಳಿದ್ರೆ ಯಾರೂ ನಂಬ್ತಿರಲಿಲ್ಲಮ್ಮ. ಸಂಬಳದ ಬಾಕಿಗೆ ಕೊಟ್ಟದ್ದನ್ನ ಕೇಳೋಕೆ ನಮಗೆ ಹಕ್ಕಿಲ್ಲ." ಕೈಯಲ್ಲಿದ್ದ ಪಟ್ಟಿಯಲ್ಲಿ ಒಂದು ಸಾಲು ಹೊಡೆದುಹಾಕಿ, ಪತ್ರದ ನಕಲಿಗೆಂದು ಮೊಬೈಲಿನಲ್ಲಿ ಚಿತ್ರ ತೆಗೆದುಕೊಂಡು ಹೊರಟರು.

ಮಗ ಮಾತ್ರ ಹಿಂದೆ ಉಳಿದ. ಅಪ್ಪನ ಅಕ್ಷರವನ್ನು ಇನ್ನೊಂದು ಸಲ ನೋಡಬೇಕೆಂದು ಕೇಳಿದ. ಅವಳು ಪುಸ್ತಕ ಕೊಟ್ಟಳು. ಬಾಕಿಯ ತಿಂಗಳುಗಳನ್ನು ಬರೆದಿದ್ದ ಸಾಲುಗಳ ಮೇಲೆ ಅವನು ಬೆರಳಾಡಿಸಿದ.

"ನಿಮ್ಮ ಬಾಕಿ ತೀರಿಸಿಬಿಟ್ಟೆ ಅಂತ ಅಪ್ಪ ಒಂದಿನ ಮನೇಲಿ ಹೇಳಿದ್ರು. ಏನು ಅಂತ ಆಗ ನಾವ್ಯಾರೂ ಕೇಳಲಿಲ್ಲ."

"ಚಹಾ ಕುಡಿದು ಹೋಗಪ್ಪ" ಎಂದಳು ರಟ್ಟಕ್ಕ. ಅವನು ಕುಡಿದು ಹೋದ.

ಆಮೇಲೆ ಕೆಲಸ ಬೆಳೆಯಿತು. ಮುಂದಿನ ಕೋಣೆ ಸಾಲದೆ ಬೀದಿಯ ತುದಿಯಲ್ಲಿ ಒಂದು ಮಳಿಗೆ ಹಿಡಿದಳು. ಇಬ್ಬರು ಹೆಂಗಸರು ಕೆಲಸಕ್ಕೆ ಬಂದರು. ಒಮ್ಮೆ ಗ್ರಂಥಾಲಯದವರ ದುಡ್ಡು ಎರಡು ತಿಂಗಳು ತಡವಾದಾಗ, ಸಂಬಳದ ದಿನ ಅವಳ ಗಲ್ಲಾಪೆಟ್ಟಿಗೆಯಲ್ಲಿ ಒಬ್ಬರಿಗಾಗುವಷ್ಟೇ ಇತ್ತು. ಚಿಕ್ಕಮ್ಮನ ಬಳೆಗಳನ್ನು ಒತ್ತೆಯಿಟ್ಟು ಇಬ್ಬರಿಗೂ ಪೂರ್ತಿ ಕೊಟ್ಟಳು. ಅವರಿಗೆ ಅದು ಗೊತ್ತಾಗಲಿಲ್ಲ. ಅತ್ತೆಗೆ ಗೊತ್ತಾಯಿತು. ಅವರು ಅಂದು ಬೈಯಲಿಲ್ಲ.

ಕರಡಪ್ಪ ವಾರಕ್ಕೆರಡು ದಿನ ಬಂದು ಮಳಿಗೆಯ ಮೂಲೆಯಲ್ಲಿ ಕೂರುತ್ತಾನೆ. ಪಾಠ ಹೇಳುವವಳು, ಹೊಲಿಗೆಯವಳು, ಆಟೋ ಓಡಿಸುವವನು, ಹೀಗೆ ಯಾರಾದರೂ ಫಾರಂ ಹಿಡಿದುಕೊಂಡು ಬಂದರೆ ಅವನು ಕಾಗುಣಿತ ನೋಡುತ್ತಾನೆ. ರಟ್ಟಕ್ಕ ಅವರ ಮುಂದೆ ಖಾಲಿ ರಟ್ಟಿನ ಪಟ್ಟಿಗಳನ್ನು ಇಡುತ್ತಾಳೆ. "ಬಂದದ್ದನ್ನೆಲ್ಲ ಬರೀರಿ. ಯಾತಕ್ಕೆ ಬಂತು ಅಂತ ಪಕ್ಕದಲ್ಲಿ ಬರೀರಿ. ನಾನು ಅಧಿಕಾರಿ ಅಲ್ಲ, ಗೊತ್ತಿಲ್ಲದ್ದು ಕಿಟಕೀಲಿ ಕೇಳಿ" ಎನ್ನುತ್ತಾಳೆ.

ಹೋದ ವರ್ಷ ಗಂಡ ಬೇಕರಿ ಬಿಟ್ಟ. ಒಲೆಯ ಕಾವಿಗೆ ಮೈ ತಡೆಯುತ್ತಿರಲಿಲ್ಲ. ಮೂವತ್ತು ವರ್ಷ ಹಿಟ್ಟಿನೊಂದಿಗೆ ಬದುಕಿದವನು ಮೈದಾ ಅಂಟು ಕಾಯಿಸಿದರೆ ಒಂದು ಗಂಟೂ ಇರುವುದಿಲ್ಲ. ಸುತ್ತಲಿನ ಬೈಂಡಿಂಗ್ ಅಂಗಡಿಯವರು ಡಬ್ಬಿ ಹಿಡಿದುಕೊಂಡು ಬಂದು ಕೊಂಡುಹೋಗುತ್ತಾರೆ, ಆ ದುಡ್ಡು ಅವನದು. ರಟ್ಟಕ್ಕ ಅವನಿಗೂ ತಿಂಗಳ ಸಂಬಳ ಗೊತ್ತುಮಾಡಿದಳು, ಹೆಸರನ್ನು ಕೆಲಸಗಾರರ ಪಟ್ಟಿಗೆ ಸೇರಿಸಿದಳು. ಬೇಕರಿಯಲ್ಲಿ ಅವನ ಫಾರಂ ತುಂಬುತ್ತಿದ್ದವರು ಬೇರೆ ಯಾರೋ. ಈ ಸಲ ಅವನೇ ತುಂಬಬೇಕು.

ಮಧ್ಯಾಹ್ನ ಅವನು ಮಳಿಗೆಯ ಮೆಟ್ಟಿಲ ಮೇಲೆ ಎಂಟು ಪುಟ ಹರಡಿಕೊಂಡು ಕೂತಿದ್ದ. ಪೆನ್ನಿನ ತುದಿ ಕಚ್ಚಿ ಕಚ್ಚಿ ಚಪ್ಪಟೆಯಾಗಿತ್ತು.

"ಏನೇ, ಪಕ್ಕದಂಗಡಿಯವನು ನನ್ನ ಅಂಟಿಗೆ ದುಡ್ಡು ಕೊಡದೆ ಒಂದು ಛತ್ರಿ ಕೊಟ್ನಲ್ಲ, ಅದನ್ನೂ ಬರೀಬೇಕಾ?"

"ಯಾತಕ್ಕೆ ಕೊಟ್ಟ ಅವನು?"

ಅವನು ನಿಟ್ಟುಸಿರು ಬಿಟ್ಟು ಫಾರಂ ಮೇಲೆ ಬಾಗಿ ಚತ್ರಿ ಎಂದು ಬರೆದ. ಬರೆದದ್ದನ್ನು ನೋಡಿದ ಕರಡಪ್ಪ ಕಿವಿಯ ಮೇಲಿನ ಕೆಂಪು ಪೆನ್ಸಿಲ್ ತೆಗೆದು, ಛ ಮಹಾಪ್ರಾಣ ಎಂದು ತಿದ್ದತೊಡಗಿದ.